ಆಮೆ ಹೇಳಿದ ಮಾತು

"ಅವ್ವ, ಇಲ್ ನೋಡು," ಎಂದು ಗೀತಾಂಜಲಿ ತಾಯಿಯ ಗದ್ದ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. "ನೀನು ಬಾಯ್ ಬಿಡ್ಬಾರ್ದು. ನಂಗೆ ಗಂಟ್ಲು ನೋವು, ಮಾತಾಡ್ಬ್ಯಾಡ ಅಂತ ಡಾಕ್ಟ್ರು ಹೇಳವ್ರೆ. ಅಷ್ಟೇ. ಅದ್ರ ಮೇಲೆ ಒಂದ್ ಮಾತೂ ಬ್ಯಾಡ."

ಮಾನಂದವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಕಲ್ಪೆಟ್ಟದ ಬಸ್ಸು ಇನ್ನೂ ಹೊರಟಿರಲಿಲ್ಲ. ಮುಂದಿನ ಸೀಟಿನ ಇಬ್ಬರು ಹೆಂಗಸರು ತಿರುಗಿ ನೋಡಿದರು. ತನ್ನ ದನಿ ಎಷ್ಟು ಮೇಲಕ್ಕೆ ಹೋಗಿದೆ ಎಂಬುದು ಗೀತಾಂಜಲಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಸಣ್ಣಮ್ಮ ಅಂಗೈಯನ್ನು ಮೆಲ್ಲಗೆ ಕೆಳಕ್ಕೆ ಒತ್ತಿ ತೋರಿಸಿದಳು. ಮಗಳು ದನಿ ಇಳಿಸಿದಳು.

"ಆಣೆ ಮಾಡು."

"ಆಯ್ತು ಕಣವ್ವ. ನಿನ್ನಾಣೆ." ಸಣ್ಣಮ್ಮ ತುಟಿಗಳನ್ನು ಬಿಡಿಸಿ ಬಿಡಿಸಿ ಹೇಳಿದಳು. ಗೀತಾಂಜಲಿ ಅದನ್ನು ನೋಡಿ, ತೃಪ್ತಿಯಾದವಳಂತೆ ಚೂಡಿದಾರದ ಶಾಲನ್ನು ಸರಿಮಾಡಿಕೊಂಡು ಕಿಟಕಿಯ ಕಡೆ ಕುಳಿತಳು. ಹೊಸ ಚೂಡಿದಾರ. ಹಿಂದಿನ ದಿನವೇ ಇಸ್ತ್ರಿ ಮಾಡಿ ಹಗ್ಗದ ಮೇಲೆ ಹಾಕಿದ್ದಳು.

ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಮಿದುಳಿಗೆ ಜ್ವರ ಏರಿತ್ತು. ಹುಡುಗಿ ಉಳಿಯುವುದಿಲ್ಲ ಎಂದುಕೊಂಡು ಅವಳಪ್ಪ ಜವರಯ್ಯ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತಿದ್ದ. ಉಳಿದಳು. ಜ್ವರ ಇಳಿದ ಮೇಲೆ ಸಣ್ಣಮ್ಮ ಹಿಂದಿನಿಂದ ಕರೆದರೆ ತಿರುಗಲಿಲ್ಲ. ಮಂಚದ ಪಕ್ಕದಲ್ಲಿ ಬೇಕೆಂದೇ ಸ್ಟೀಲಿನ ಲೋಟ ಬೀಳಿಸಿದಾಗಲೂ ತಿರುಗಲಿಲ್ಲ. ಕ್ಯಾಂಪಿನಲ್ಲಿ ಕೊಟ್ಟ ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡು ಸ್ವಲ್ಪ ದಿನ ಓಡಾಡಿದಳು. ತಲೆನೋವು ಬಿಟ್ಟು ಇನ್ನೇನೂ ಬರುವುದಿಲ್ಲವೆಂದು ತೆಗೆದಿಟ್ಟವಳು ಮತ್ತೆ ಮುಟ್ಟಲಿಲ್ಲ. ಅವಳ ಬಾಯಲ್ಲಿ ಬರುವ ಕನ್ನಡ ಇಂದಿಗೂ ಆ ಮೂರನೇ ಕ್ಲಾಸಿನ ಹುಡುಗಿಯದೇ. ಅದರಾಚೆ ಕಲಿತದ್ದೆಲ್ಲ ಕಣ್ಣಿನಿಂದ ಕಲಿತದ್ದು. ಮನೆಯವರ ಕನ್ನಡವನ್ನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಹೊರಗಿನವರ ಮಲಯಾಳಂ ಮಾತ್ರ ಅವಳ ಕಣ್ಣಿಗೆ ಸಿಗುತ್ತಿರಲಿಲ್ಲ. ಶಾಲೆಯಲ್ಲಿ ಮೊದಲ ಬೆಂಚಿನಲ್ಲಿ ಕುಳಿತು, ಬೋರ್ಡಿನ ಮೇಲಿನದನ್ನೂ ಪಕ್ಕದವಳ ಪುಸ್ತಕದಲ್ಲಿದ್ದುದನ್ನೂ ಬರೆದುಕೊಂಡು ಪ್ಲಸ್ ಟೂ ಪಾಸಾಗಿದ್ದಳು. ಮಲಯಾಳಂ ಓದುತ್ತಿದ್ದಳು, ಇಂಗ್ಲಿಷ್ ಓದುತ್ತಿದ್ದಳು. ಕೇಳಿಸುತ್ತಿರಲಿಲ್ಲ, ಅಷ್ಟೇ.

ಓದು ಮುಗಿದ ಮೇಲೆ ಮನೆಯಲ್ಲೇ ಉಳಿದಳು. ತೋಲ್ಪೆಟ್ಟಿಯಲ್ಲಿ ಕಾಡಿನ ಗೇಟಿನ ಎದುರಿಗೆ ಜವರಯ್ಯನದೊಂದು ಚಹದಂಗಡಿ. ಬೆಳಗ್ಗೆ ಜೀಪು ಹತ್ತಿ ಪ್ರಾಣಿ ನೋಡಲು ಹೋಗುವವರು, ಕುಟ್ಟದ ಬಸ್ಸು ಕಾಯುವವರು, ಫಾರೆಸ್ಟಿನ ವಾಚರುಗಳು ಅಲ್ಲಿ ಕೂರುತ್ತಿದ್ದರು. ಗೀತಾಂಜಲಿ ಒಳಗೆ ಗ್ಲಾಸು ತೊಳೆಯುವಳು, ಪಳಂಪೊರಿಗೆ ಬಾಳೆಹಣ್ಣು ಸೀಳಿ ಹಿಟ್ಟು ಕಲಸುವಳು. ಗಿರಾಕಿಗಳೆದುರು ಬರುತ್ತಿರಲಿಲ್ಲ. ಒಮ್ಮೆ ಯಾರೋ ಬಿಸಿನೀರು ಕೇಳಿದ್ದಕ್ಕೆ ಚಹ ತಂದಿಟ್ಟು, ಇಡೀ ಜೀಪಿನ ಜನ ನಕ್ಕಿದ್ದನ್ನು ಕಂಡ ಮೇಲೆ ಅವಳು ಅಡುಗೆಯ ಪರದೆ ದಾಟಿದ್ದೇ ಇಲ್ಲ.

ಆಮೇಲೆ ಅವಳ ಫೋನಿನಲ್ಲಿ ಆ ಚಿತ್ರಗಳು ಶುರುವಾದವು. ಜಪಾನಿನವರು ಮಾಡಿದ್ದು, ಕೈಯಲ್ಲಿ ಬರೆದಂಥ ಮನುಷ್ಯರೇ ಓಡುವುದು, ಕಾದುವುದು, ಅಳುವುದು. 'ಮೋಡದ ಸೇತುವೆ' ಎಂದು ಅದರ ಹೆಸರಂತೆ. ವರ್ಷಗಟ್ಟಲೆ ಕಂತುಗಳಾಗಿ ಬರುತ್ತಿದ್ದ ಕಥೆ. ಎರಡು ಬೆಟ್ಟಗಳ ನಡುವೆ ಮೋಡದ ಮೇಲೊಂದು ಸೇತುವೆ. ಸತ್ತವರು ಅದನ್ನು ದಾಟಿ ಹೋಗುತ್ತಾರೆ. ಬೆಳ್ಳಿ ಕೂದಲಿನ ಹುಡುಗನೊಬ್ಬ ಅದಕ್ಕೆ ಕಾವಲು. ಅವನ ತಂಗಿಯೂ ಒಂದು ದಿನ ದಾಟಿ ಹೋಗುತ್ತಾಳೆ. ಸೇತುವೆಯ ಬುಡದಲ್ಲಿ ಬಂಡೆಯಂಥ ಒಂದು ಆಮೆ ಮಲಗಿದೆ. ಅದು ತನ್ನ ಆಯುಸ್ಸಿನಲ್ಲಿ ಒಂದೇ ಒಂದು ಸಲ ಮಾತಾಡುತ್ತದೆ, ಅದೂ ಆ ಹುಡುಗನ ಹತ್ತಿರ. ಇನ್ನೂ ಮಾತಾಡಿಲ್ಲ. ಇಷ್ಟನ್ನು ಮಗಳು ಕೈಬಾಯಿ ಮಾಡಿ ಹೇಳಿದ್ದಳು. ಹುಡುಗನ ಹೆಸರು ಟಿಸುಯುಕಿ ಎಂದೂ ಹೇಳಿದ್ದಳು.

ಒಂದು ಮಧ್ಯಾಹ್ನ ಸಣ್ಣಮ್ಮ ಹಿತ್ತಿಲಲ್ಲಿ ಮೆಣಸು ಒಣಹಾಕುತ್ತಿದ್ದಾಗ ಒಳಗಿನಿಂದ ಒಂದು ಸದ್ದು ಬಂತು. ಗಂಟಲಲ್ಲಿ ಏನೋ ಸಿಕ್ಕಿಹಾಕಿಕೊಂಡಿತೆಂದು ಓಡಿ ಬಂದರೆ, ಮಗಳು ಫೋನು ಹಿಡಿದು ನಗುತ್ತಿದ್ದಳು. ಅಷ್ಟು ದೊಡ್ಡದಾಗಿ ನಕ್ಕು ಎಷ್ಟು ಕಾಲವಾಗಿತ್ತೋ, ತಾಯಿಗೆ ಆ ದನಿಯ ಗುರುತೇ ಸಿಕ್ಕಿರಲಿಲ್ಲ.

"ಯಾರವ್ವ ಅದು?"

"ಫ್ರೆಂಡ್ಸು. ಗ್ರೂಪು. ಅಜೀಶ್ ಅಂತ. ನನ್ನ ಕತ್ತೆ ಅಂತ ಬೈದವ್ನೆ." ಅವಳ ಮುಖ ಕೆಂಪಾಗಿತ್ತು. "ಆಮೆ ಏನ್ ಹೇಳ್ತದೆ ಅಂತ ಜಗಳ. ತಂಗಿ ಹೆಸ್ರು ಹೇಳ್ತದೆ ಅಂತ ನಾನು. ಶಿಬು ಇಲ್ಲ ಅಂತಾನೆ. ರಜಿಷನೂ ಇಲ್ಲ ಅಂತಾಳೆ. ಒಬ್ರೂ ನನ್ ಮಾತ್ ಒಪ್ಪಲ್ಲ. ಬಿಡಲ್ಲ ನಾನು."

"ಅವ್ರಿಗ್ ಗೊತ್ತಾ? ನಿಂಗೆ..." ಸಣ್ಣಮ್ಮ ಕಿವಿಯ ಕಡೆ ಬೆರಳು ಒಯ್ದಳು.

"ಯಾಕ್ ಗೊತ್ತಾಗ್ಬೇಕು?" ಎಂದಳು ಗೀತಾಂಜಲಿ. "ಜಪಾನ್ ಭಾಷೆ ಯಾರಿಗ್ ಬತ್ತದೆ? ಯಾರಿಗೂ ಇಲ್ಲ. ಕೆಳಗೆ ಇಂಗ್ಲಿಷ್ ಅಕ್ಷರ ಬತ್ತದೆ, ಎಲ್ಲಾರೂ ಓದ್ಬೇಕು. ಅಲ್ಲಿ ಎಲ್ಲಾರೂ ಕಿವುಡ್ರೇ ಕಣವ್ವ."

ಈಗ ಆ ಕಥೆಯ ಕೊನೆ ಸಿನಿಮಾ ಆಗಿ ಬಂದಿತ್ತು. ಕಲ್ಪೆಟ್ಟದಲ್ಲಿ ಎಲ್ಲರೂ ಸೇರಿ ನೋಡುವುದೆಂದು ಗುಂಪಿನವರು ಗೊತ್ತುಮಾಡಿದರು. ಅಜೀಶ್ ಇಂಗ್ಲಿಷ್ ಅಕ್ಷರವಿರುವ ಜಪಾನಿ ಷೋಗೇ ಟಿಕೆಟ್ ಬುಕ್ ಮಾಡಿದ್ದ. ಜವರಯ್ಯ ಮೊದಲು ಬೇಡವೆಂದ. ಆಮೇಲೆ ಮಗಳು ಎರಡು ದಿನ ಊಟದ ತಟ್ಟೆಯೆದುರು ತಲೆ ತಗ್ಗಿಸಿ ಕುಳಿತದ್ದನ್ನು ನೋಡಲಾರದೆ, "ನೀನ್ ಜೊತೇಲ್ ಹೋಯ್ತೀಯ ಅಂದ್ರೆ ಹೋಗ್ಲಿ," ಎಂದು ಹೆಂಡತಿಗೆ ಹೇಳಿದ.

ಕಲ್ಪೆಟ್ಟದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಥಿಯೇಟರಿನ ಮುಂದೆ ಮೂವರೂ ಆಗಲೇ ನಿಂತಿದ್ದರು. ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಅಜೀಶ್ ತೆಳ್ಳಗೆ ಉದ್ದ. ಗೂಡ್ಸ್ ಆಟೋ ಓಡಿಸುವ ಶಿಬುವಿನ ಟೀ ಶರ್ಟಿನ ಮೇಲೆ ಅದೇ ಬೆಳ್ಳಿ ಕೂದಲಿನ ಹುಡುಗ. ಬಿಎಡ್ ಓದುತ್ತಿದ್ದ ರಜಿಷ ಓಡಿ ಬಂದು ಗೀತಾಂಜಲಿಯನ್ನು ತಬ್ಬಿಕೊಂಡಳು. ಗೀತಾಂಜಲಿ ಗಂಟಲು ಮುಟ್ಟಿ ತೋರಿಸಿ, ಕೈ ಅಲ್ಲಾಡಿಸಿ, ನಕ್ಕಳು.

"ಡಾಕ್ಟರು ಮಾತಾಡಬೇಡ ಅಂದಿದ್ದಾರೆ. ಗಂಟಲು ಕಟ್ಟಿದೆ," ಎಂದು ಸಣ್ಣಮ್ಮ ಮಲಯಾಳದಲ್ಲಿ ಹೇಳಿದಳು.

"ಅಯ್ಯೋ, ಇವತ್ತೇ ಆಗಬೇಕಿತ್ತಾ ಅಮ್ಮೇ?" ಎಂದ ಅಜೀಶ್. "ಇವಳ ಹತ್ತಿರ ಬಾಯಿ ಬಾಯಿ ಜಗಳ ಮಾಡೋಣ ಅಂತ ಕಾದಿದ್ದೆ."

ಗೀತಾಂಜಲಿ ಫೋನು ತೆಗೆದು ಏನೋ ಬರೆದಳು. ಮೂವರ ಫೋನೂ ಒಟ್ಟಿಗೆ ಕಿಣಿಗುಟ್ಟಿತು. ಶಿಬು ಓದಿ, ತಲೆ ಹಿಂದಕ್ಕೆ ಚೆಲ್ಲಿ ನಕ್ಕ. ಅವನು ಬರೆದ, ಅವಳು ಬರೆದಳು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತುಕೊಂಡು ನಾಲ್ವರೂ ಫೋನಿನಲ್ಲಿ ಬೈದಾಡಿಕೊಂಡು ನಗತೊಡಗಿದರು. ಸಣ್ಣಮ್ಮ ಗೋಡೆಯ ನೆರಳಿಗೆ ಸರಿದು ನಿಂತಳು. ಮಗಳು ಯಾರೋ ಅಪರಿಚಿತಳಂತೆ ಕಂಡಳು. ಊರಿನ ಬೇರೆ ಹುಡುಗಿಯರನ್ನು ಕಂಡಾಗ ಬರುವ ಹೊಟ್ಟೆಕಿಚ್ಚು ಅವತ್ತು ಸಣ್ಣಮ್ಮನಿಗೆ ಬರಲಿಲ್ಲ. ದೇವರೇ, ಇದು ಹೀಗೇ ಇರಲಿ ಎಂದುಕೊಂಡಳು.

ಒಳಗೆ ಗೋಡೆಯಗಲದ ಪೋಸ್ಟರ್ ಇತ್ತು. ಸೇತುವೆ ಹೊತ್ತಿ ಉರಿಯುತ್ತಿದೆ, ಹುಡುಗ ಬೆನ್ನು ತಿರುಗಿಸಿ ನಿಂತಿದ್ದಾನೆ. ಗೀತಾಂಜಲಿಗೆ ಮೈಮರೆಯಿತು. ಕೈ ಎತ್ತಿ ತೋರಿಸಿ, "ಟಿಸುಯುಕಿ!" ಎಂದು ಕೂಗಿದಳು.

ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಒಂದು ಮಗು ಅಮ್ಮನ ಹಿಂದೆ ಅಡಗಿತು. ಶಿಬು, "ಏನಂದಳು?" ಎಂದು ಅಜೀಶನನ್ನು ಕೇಳಿದ. "ಸುಯುಕಿ ಅಂದಳಾ?" ಅಜೀಶನಿಗೂ ಅರ್ಥವಾಗಿರಲಿಲ್ಲ. ಹುಡುಗನ ಹೆಸರು ಸುಯುಕಿ ಎಂದು ಸಣ್ಣಮ್ಮನಿಗೂ ಆಗಲೇ ತಿಳಿದದ್ದು. ಬರೆಯುವಾಗ ಮೊದಲಿಗೆ ಏನೋ ಒಂದು ಅಕ್ಷರ ಇರುತ್ತದೆ, ಆಡುವಾಗ ಅದು ಬರುವುದಿಲ್ಲ. ಅದನ್ನು ಕೇಳಿಸಿಕೊಂಡವರು ಮಾತ್ರ ಬಲ್ಲರು. ಎಲ್ಲರ ಮುಖ ನೋಡಿದ ಗೀತಾಂಜಲಿ ಕೈ ಇಳಿಸಿ ಮತ್ತೆ ಗಂಟಲು ಮುಟ್ಟಿಕೊಂಡಳು. "ಪಾಪ, ದನಿ ಎಷ್ಟು ಕೆಟ್ಟಿದೆ ನೋಡು," ಎಂದಳು ರಜಿಷ. ಅಷ್ಟಕ್ಕೆ ಹೋಯಿತು.

ಬಾಗಿಲಲ್ಲಿ ಟಿಕೆಟ್ ನೋಡುವವನು ಅಜೀಶನ ಫೋನು ನೋಡಿ ತಲೆಯಾಡಿಸಿದ. "ಜಪಾನ್ ಭಾಷೆಯ ಷೋ ಇಲ್ಲ ಮೋನೇ. ನಾಲ್ಕೈದು ಜನಕ್ಕೆ ಹಾಕೋದು ಹೇಗೆ? ಇದೇ ಟಿಕೆಟ್ಟಿಗೆ ಮಲಯಾಳದ್ದು ನೋಡಿ. ಎಲ್ಲಾರಿಗೂ ಅರ್ಥವಾಗುತ್ತೆ, ಒಳ್ಳೇದೇ ಆಯ್ತಲ್ಲ."

"ಕೆಳಗೆ ಅಕ್ಷರ?" ಎಂದು ಅಜೀಶ್ ಕೇಳುವ ಮೊದಲೇ ಸಣ್ಣಮ್ಮ ಕೇಳಿದಳು.

"ಮಲಯಾಳಂಗೆ ಯಾಕೆ ಚೇಚಿ ಅಕ್ಷರ?"

ಅಜೀಶ್ ಗೊಣಗಿದ, ಡಬ್ಬಿಂಗಿನಲ್ಲಿ ಎಲ್ಲ ಕೆಡಿಸಿರುತ್ತಾರೆ ಎಂದ. ಶಿಬು, "ಪರವಾಗಿಲ್ಲ, ಕಥೆ ಅದೇ ತಾನೇ, ನಡಿ," ಎಂದು ಒಳಗೆ ಹೊರಟ. ಗೀತಾಂಜಲಿ ಇನ್ನೂ ಪೋಸ್ಟರಿನ ಫೋಟೋ ತೆಗೆಯುತ್ತಿದ್ದಳು. ಸಣ್ಣಮ್ಮ ಹೋಗಿ ಅವಳ ತೋಳು ಹಿಡಿದಳು.

"ಅಕ್ಷರ ಇಲ್ವಂತೆ ಕಣವ್ವ."

ಗೀತಾಂಜಲಿಗೆ ತಿಳಿಯಲಿಲ್ಲವೋ, ತಿಳಿದೂ ಇನ್ನೊಮ್ಮೆ ಹೇಳಲೆಂದು ನಿಂತಳೋ. ಸಣ್ಣಮ್ಮ ಮತ್ತೆ ಹೇಳಿದಳು: "ಮಲಯಾಳಂದು. ಕೆಳಗೆ ಅಕ್ಷರ ಬರಲ್ಲ. ಮನೆಗ್ ಹೋಗ್ಬುಡಾಣ್ವಾ?"

"ಬ್ಯಾಡ." ಮಗಳ ತುಟಿಯ ಮೇಲಿನ ನಗು ಹಾಗೇ ಇತ್ತು, ತೆಗೆಯುವುದನ್ನು ಮರೆತವಳಂತಿದ್ದಳು. "ಚಿತ್ರ ನೋಡ್ತೀನಿ. ಕತೆ ಗೊತ್ತಲ್ಲ. ಗೊತ್ತಾಯ್ತದೆ."

ಅವಳು ಮುಂದೆ ಹೋದಳು. ಸಣ್ಣಮ್ಮನಿಗೆ ತಡೆಯಲಾಗಲಿಲ್ಲ. ಹಿಂದೆ ಉಳಿದಿದ್ದ ರಜಿಷಳ ಕೈ ಹಿಡಿದು ಪಕ್ಕಕ್ಕೆ ಎಳೆದಳು.

"ಮೋಳೇ, ಅವಳಿಗೆ ಗಂಟಲು ನೋವಿಲ್ಲ. ಅವಳಿಗೆ ಕಿವಿ ಕೇಳಿಸೋದಿಲ್ಲ. ಚಿಕ್ಕಂದಿನಿಂದಲೂ. ನಾನು ಹೇಳಿದೆ ಅಂತ ಹೇಳಬೇಡ. ಪಕ್ಕದಲ್ಲಿ ಕೂತು ಸ್ವಲ್ಪ ಬರೆದು ತೋರಿಸ್ತೀಯಾ? ಎರಡು ವರ್ಷದಿಂದ ಇದಕ್ಕೇ ಕಾದಿದ್ದಾಳೆ."

ರಜಿಷ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ಕಣ್ಣು ತುಂಬಿತು. "ನೀವೇನೂ ಯೋಚನೆ ಮಾಡಬೇಡಿ ಅಮ್ಮೇ. ನಾವಿದ್ದೀವಲ್ಲ," ಎಂದು ಸಣ್ಣಮ್ಮನ ಕೈ ಒತ್ತಿ ಒಳಗೆ ಓಡಿದಳು. ಅವಳು ಅಜೀಶನ ಕಿವಿಯಲ್ಲಿ ಹೇಳಿದ್ದು, ಅಜೀಶ್ ಬಗ್ಗಿ ಶಿಬುವಿಗೆ ಹೇಳಿದ್ದು, ಇಬ್ಬರೂ ಒಟ್ಟಿಗೆ ಗೀತಾಂಜಲಿಯ ಕಡೆ ನೋಡಿ ಬೇಗನೆ ಮುಖ ತಿರುಗಿಸಿಕೊಂಡದ್ದು, ದೀಪ ಆರುವ ಮುಂಚೆ ಬಾಗಿಲಲ್ಲಿ ನಿಂತ ಸಣ್ಣಮ್ಮನಿಗೆ ಎಲ್ಲ ಕಾಣಿಸಿತು. ಗೀತಾಂಜಲಿಗೂ ಕಾಣಿಸಿತು.

ಸಿನಿಮಾ ಶುರುವಾಯಿತು. ಒಂದು ಕಡೆ ತಾಯಿ, ಇನ್ನೊಂದು ಕಡೆ ಅಜೀಶ್ ಕುಳಿತಿದ್ದರು. ಮೊದಮೊದಲು ಗೀತಾಂಜಲಿ ನೇರ ಕುಳಿತು, ಕಣ್ಣು ಕೀಲಿಸಿ ನೋಡಿದಳು. ಮೋಡ, ಬೆಟ್ಟ, ಹಾರುವ ಮೀನುಗಳು. ಹುಡುಗ ಒಬ್ಬ ಮುದುಕನ ಜೊತೆ ತುಂಬಾ ಹೊತ್ತು ಮಾತಾಡಿದ. ಬರೆದ ಚಿತ್ರದ ಬಾಯಿಗಳು. ಎಲ್ಲ ಮಾತಿಗೂ ಒಂದೇ ಥರ ತೆರೆದು ಮುಚ್ಚುತ್ತಿದ್ದವು. ಅವುಗಳಲ್ಲಿ ಓದುವುದಕ್ಕೆ ಏನೂ ಇರಲಿಲ್ಲ. ಜನ ನಕ್ಕರು. ಗೀತಾಂಜಲಿ ಸುತ್ತ ನೋಡಿ, ಅವರು ನಗು ನಿಲ್ಲಿಸುವ ಹೊತ್ತಿಗೆ ತಾನೂ ನಕ್ಕಳು.

ಅಜೀಶ್ ಫೋನು ತೆಗೆದು, ಬೆಳಕು ತಗ್ಗಿಸಿ, ಬರೆಯತೊಡಗಿದ. ಒಂದು ಸಾಲು ಬರೆದು ತೋರಿಸುವಷ್ಟರಲ್ಲಿ ತೆರೆಯ ಮೇಲೆ ನಾಲ್ಕು ಮಾತು ಆಗಿಹೋಗುತ್ತಿತ್ತು. ಅವನು ತೆರೆ ನೋಡುವ, ತಲೆ ಬಗ್ಗಿಸಿ ಬರೆಯುವ, ತಲೆಯೆತ್ತುವಾಗ ದೃಶ್ಯ ಬದಲಾಗಿರುತ್ತಿತ್ತು.

"ಆ ಲೈಟು ಆಫ್ ಮಾಡ್ರೋ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಅಜೀಶ್ ಬರೆಯುತ್ತಲೇ ಇದ್ದ.

"ಹೇಳಿದ್ದು ಕೇಳಿಸಲ್ವಾ? ಕಣ್ಣಿಗೆ ಹೊಡೀತಾ ಇದೆ!"

ಅಜೀಶ್ ಎದ್ದು ನಿಂತು ತಿರುಗಿದ. "ಚೇಟ್ಟಾ, ಈ ಹುಡುಗಿಗೆ ಕಿವಿ ಕೇಳಿಸೋದಿಲ್ಲ. ಅದಕ್ಕೇ ಬರೆದು ತೋರಿಸ್ತಾ ಇದೀನಿ. ಸ್ವಲ್ಪ ಮನುಷ್ಯತ್ವ ಇರಲಿ."

ಹಿಂದಿನ ದನಿ ಒಮ್ಮೆಲೇ ತಗ್ಗಿತು. "ಓ, ಸಾರಿ ಮೋನೇ, ಗೊತ್ತಿರಲಿಲ್ಲ." ಮುಂದಿನ ಸಾಲುಗಳಿಂದ ತಲೆಗಳು ತಿರುಗಿದವು. ಒಬ್ಬ ಹೆಂಗಸು ನಾಲಗೆಯಲ್ಲಿ 'ಚ್ಚು' ಎಂದಳು. ಗೀತಾಂಜಲಿಗೆ ಒಂದು ಶಬ್ದವೂ ಕೇಳಿಸಿರಲಿಲ್ಲ. ಆದರೆ ಕತ್ತಲಲ್ಲಿ ತನ್ನ ಕಡೆ ತಿರುಗಿದ ಮುಖಗಳು ತೆರೆಯ ಬೆಳಕಿಗೆ ನೀಲಿಯಾಗಿ ಕಾಣುತ್ತಿದ್ದವು. ಅವಳು ಕೈ ಚಾಚಿ ಅಜೀಶನ ಫೋನಿನ ಮೇಲಿಟ್ಟು ಬೆಳಕನ್ನು ಮುಚ್ಚಿದಳು. ಅವನು ಪರವಾಗಿಲ್ಲ ಎಂಬಂತೆ ಕೈ ಬಿಡಿಸಿಕೊಳ್ಳಲು ನೋಡಿದ. ಅವಳು ಗಟ್ಟಿಯಾಗಿ ಒತ್ತಿ, ತೆರೆಯ ಕಡೆ ಬೆರಳು ತೋರಿಸಿದಳು: ನೀನು ನೋಡು.

ಆಮೇಲೆ ಸಣ್ಣಮ್ಮ ತನಗೆ ತಿಳಿದಂತೆ ಪ್ರಯತ್ನಿಸಿದಳು. ಸೇತುವೆಗೆ ಬೆಂಕಿ ಬಿದ್ದಾಗ ಮಗಳ ಮೊಣಕೈ ತಟ್ಟಿ, ತುಟಿಯಾಡಿಸಿ, "ಆ ಮುದ್ಕ ಹೇಳ್ತಾವ್ನೆ, ಬೆಂಕಿ ಹಚ್ಚಿದ್ದು ತಾನೇ ಅಂತ..." ಎಂದು ಶುರು ಮಾಡಿದಳು. ತನಗೇ ತಲೆಬುಡ ತಿಳಿಯದ ಕಥೆ. ಆದರೂ ಹೇಳುತ್ತಾ ಹೋದಳು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಮಗಳು ತನ್ನ ಬಾಯಿಯ ಕಡೆ ನೋಡುತ್ತಲೇ ಇರಲಿಲ್ಲ. 

ಕೊನೆಗೆ ಆಮೆ ಕಣ್ಣು ತೆರೆಯಿತು. ಇಡೀ ಥಿಯೇಟರು ಉಸಿರು ಹಿಡಿದಂತೆ ಕುಳಿತಿತು, ಸಂಗೀತವೂ ನಿಂತಿತು. ಆಮೆಯ ಮುಖ ತೆರೆಯ ತುಂಬ ಬೆಳೆಯಿತು. ಬಾಯಿ ತುಸುವೇ ತೆರೆದು ಮುಚ್ಚಿತು. ಬೆಳ್ಳಿ ಕೂದಲಿನ ಹುಡುಗ ಮಂಡಿಯೂರಿ ಅಳತೊಡಗಿದ. ಎಲ್ಲೆಲ್ಲೂ ಚಪ್ಪಾಳೆ, ಸಿಳ್ಳೆ. ಗೀತಾಂಜಲಿ ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮುಚ್ಚಿದ ಆ ಬಾಯಿಯನ್ನೇ ನೋಡುತ್ತಿದ್ದಳು.

ಸಿನಿಮಾ ಆದ ಮೇಲೆ ಚಹ ಕುಡಿದು ಜಗಳವಾಡುವುದು ಎಂದು ಮೊದಲೇ ಮಾತಾಗಿತ್ತು. ರಸ್ತೆಯಾಚೆಯ ಹೋಟೆಲಿನಲ್ಲಿ ಐವರೂ ಕುಳಿತರು. ಅಜೀಶ್ ಎಲ್ಲರಿಗೂ ಸನ್ನೆ ಮಾಡಿ, ಗೀತಾಂಜಲಿಯ ಎದುರಿಗೆ ಮುಖ ತಂದು, ಬಾಯಿ ದೊಡ್ಡದಾಗಿ ತೆರೆದು ತೆರೆದು ಮಲಯಾಳದಲ್ಲಿ ಕೇಳಿದ: "ನಿ-ನ-ಗೆ ಇಷ್ಟ-ವಾ-ಯಿ-ತಾ?" ಹಾಗೆ ಬಾಯಿ ಹಿಗ್ಗಿಸಿದರೆ ತುಟಿ ಓದಲು ಇನ್ನೂ ಕಷ್ಟ ಎಂದು ಅವನಿಗೆ ಯಾರು ಹೇಳಬೇಕು? ಗೀತಾಂಜಲಿ ತಲೆಯಾಡಿಸಿದಳು. ರಜಿಷ ತನ್ನ ತಟ್ಟೆಯ ಉಳ್ಳಿವಡೆಯನ್ನೂ ಅವಳ ತಟ್ಟೆಗೆ ಹಾಕಿದಳು.

ಮೊದಲು ಒಬ್ಬೊಬ್ಬರೇ, ಅವಳ ಕಡೆ ನೋಡಿಕೊಂಡು, ನಿಧಾನವಾಗಿ ಮಾತಾಡಿದರು. ಆಮೇಲೆ ಮುದುಕ ಬೆಂಕಿ ಹಚ್ಚಿದ್ದು ಸರಿಯೋ ತಪ್ಪೋ ಎಂಬ ಮಾತು ಬಂತು. ಶಿಬು ಸರಿ ಎಂದ. ರಜಿಷ ಅಲ್ಲವೇ ಅಲ್ಲ ಎಂದಳು. ಅಜೀಶ್ ನಡುವೆ ಬಾಯಿ ಹಾಕಿದ. ಮೂವರ ಮುಖವೂ ಪರಸ್ಪರ ತಿರುಗಿತು, ದನಿಗಳು ಒಂದರ ಮೇಲೊಂದು ಏರಿದವು, ಶಿಬು ಮೇಜು ಗುದ್ದಿದ. ಗೀತಾಂಜಲಿ ಒಬ್ಬರ ಬಾಯಿಯಿಂದ ಇನ್ನೊಬ್ಬರ ಬಾಯಿಗೆ ಕಣ್ಣು ಓಡಿಸುತ್ತಿದ್ದಳು; ಅವಳು ತಲುಪುವಷ್ಟರಲ್ಲಿ ಮಾತು ಬೇರೆಯವರ ಬಾಯಿಗೆ ಹೋಗಿರುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ರಜಿಷಳಿಗೆ ನೆನಪಾಯಿತು. ಅವಳು ಸುಮ್ಮನಾದಳು. ಇನ್ನಿಬ್ಬರೂ ಸುಮ್ಮನಾದರು. ಮೂವರೂ ಗೀತಾಂಜಲಿಯ ಕಡೆ ತಿರುಗಿ ನಕ್ಕರು.

ಗೀತಾಂಜಲಿ ಫೋನಿನಲ್ಲಿ ಏನೋ ಬರೆದು ಮೇಜಿನ ನಡುವೆ ಇಟ್ಟಳು. ಅದನ್ನು ಓದಿ ಶಿಬು ಉತ್ಸಾಹದಿಂದ, "ಅದೇ, ನಾನು ಹೇಳಿರಲಿಲ್ವಾ..." ಎಂದು ಶುರು ಮಾಡಿದವನು ತಟ್ಟನೆ ನಿಲ್ಲಿಸಿದ. ಮೇಜಿನ ಕೆಳಗೆ ರಜಿಷ ಅವನ ಕಾಲು ತುಳಿದದ್ದು ಪಕ್ಕದಲ್ಲಿದ್ದ ಸಣ್ಣಮ್ಮನಿಗೆ ತಿಳಿಯಿತು, ಏಕೆಂದು ತಿಳಿಯಲಿಲ್ಲ. ಅಜೀಶ್ ಫೋನು ಎತ್ತಿಕೊಂಡು ಉತ್ತರ ಬರೆದು ತೋರಿಸಿದ. ರಜಿಷ ಚಪ್ಪಾಳೆ ತಟ್ಟಿದಳು. ಶಿಬು ಒಂದು ಗಳಿಗೆ ತಡೆದು ತಾನೂ ತಟ್ಟಿ, ಚಹದ ಗ್ಲಾಸಿನೊಳಗೆ ಮುಖ ತಗ್ಗಿಸಿದ.

"ಅವ್ವ, ಬಸ್ಸು," ಎಂದಳು ಗೀತಾಂಜಲಿ ಗಟ್ಟಿಯಾಗಿ.

ಮೂವರೂ ಬಸ್‌ಸ್ಟ್ಯಾಂಡಿನವರೆಗೆ ಬಂದರು. ರಸ್ತೆ ದಾಟುವಾಗ ಅಜೀಶ್ ಅವಳ ಮೊಣಕೈ ಹಿಡಿದುಕೊಂಡ. ಚಿಕ್ಕ ಮಕ್ಕಳನ್ನು ದಾಟಿಸುವ ಹಾಗೆ.

ಮಾನಂದವಾಡಿಯವರೆಗೂ ಮಗಳು ಕಿಟಕಿಯಾಚೆಯೇ ನೋಡುತ್ತಿದ್ದಳು. ಅಲ್ಲಿ ಕುಟ್ಟದ ಕಡೆಯ ಬಸ್ಸು ಹತ್ತಿ ಕುಳಿತ ಮೇಲೆ ತಾಯಿಯ ಕಡೆ ತಿರುಗಿದಳು.

"ನೀನ್ ಹೇಳ್ದ್ಯಾ?"

ಸಣ್ಣಮ್ಮ ತಲೆ ತಗ್ಗಿಸಿದಳು. ಆಮೇಲೆ, ತಲೆ ತಗ್ಗಿಸಿದರೆ ಮಗಳಿಗೆ ತುಟಿ ಕಾಣಿಸುವುದಿಲ್ಲವೆಂದು ನೆನಪಾಗಿ ಮುಖ ಎತ್ತಿದಳು. "ಹೂಂ ಕಣವ್ವ. ಆಣೆ ಮಾಡಿ ತಪ್ಪಿದೆ. ನೀನು ಹಂಗೆ ಏನೂ ಗೊತ್ತಾಗ್ದೆ ಕೂತಿರೋದು ನೋಡಕ್ಕಾಗ್ದೆ..."

"ಬುಡು. ನೀನ್ ಹೇಳ್ದೇ ಇದ್ರೂ ಗೊತ್ತಾಗ್ತಿತ್ತು." ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. ಸಿಟ್ಟಾದರೂ ಇದ್ದರೆ ಚೆನ್ನಾಗಿತ್ತು ಎನಿಸಿತು ಸಣ್ಣಮ್ಮನಿಗೆ. "ಅವ್ವ, ಆಮೆ ಏನ್ ಅಂತು?"

"ಆಮೆನಾ?"

"ಕೊನೇಲಿ. ಒಂದ್ ಮಾತು. 'ಹಾನಾ' ಅಂತಾ? ತಂಗಿ ಹೆಸ್ರು. ಅದೇ ಅಂತು, ನೀನೇ ಗೆದ್ದೆ ಅಂತ ಅಜೀಶ್ ಬರ್ದ. ನಿಜವಾ?"

ಆ ಹೊತ್ತು ಥಿಯೇಟರಿನಲ್ಲಿ ಸೂಜಿ ಬಿದ್ದರೂ ಕೇಳಿಸುವಂತಿತ್ತು. ಆಮೆ ಹೇಳಿದ್ದು ಸಣ್ಣಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತ್ತು. ತಿರಿಚ್ಚು ಪೋ. ಶಿಬು ತನ್ನ ಮಾತು ಅಷ್ಟಕ್ಕೇ ತುಂಡು ಮಾಡಿದ್ದು ಏಕೆಂದು ಅವಳಿಗೆ ಈಗ ತಿಳಿಯಿತು.

"ನಂಗ್ ಸರಿಯಾಗ್ ತಿಳೀಲಿಲ್ಲ ಕಣವ್ವ," ಎಂದಳು.

ಗೀತಾಂಜಲಿ ಅವಳ ಬಾಯಿಯ ಮೇಲಿನ ಕಣ್ಣು ತೆಗೆಯಲಿಲ್ಲ. ವರ್ಷಗಟ್ಟಲೆ ಆ ಬಾಯಿಯನ್ನೇ ಓದಿಕೊಂಡು ಬೆಳೆದವಳು. ಕಂಡಕ್ಟರು ಟಿಕೆಟ್ ಕೊಟ್ಟು ಹೋದ. ಬಸ್ಸು ಕಾಟಿಕುಳಂ ದಾಟಿ ಕಾಡಿನ ರಸ್ತೆಗೆ ತಿರುಗಿತು. ಅವಳು ಇನ್ನೂ ನೋಡುತ್ತಲೇ ಇದ್ದಳು.

"ವಾಪಸ್ ಹೋಗು ಅಂತು," ಎಂದಳು ಸಣ್ಣಮ್ಮ ಕೊನೆಗೆ.

ಗೀತಾಂಜಲಿ ನಿಧಾನವಾಗಿ ತಲೆಯಾಡಿಸಿದಳು. "ಶಿಬು ಹೇಳಿದ್ದು ಅದೇ. ಎರಡ್ ವರ್ಷದಿಂದ ಹೇಳ್ತಿದ್ದ." ಫೋನನ್ನು ಮಡಿಲಲ್ಲಿ ಇಟ್ಟುಕೊಂಡು, "ಅವ್ನು ಒಂದ್ ಸಲಾನೂ ನಂಗೆ ಬಿಟ್ಕೊಟ್ಟಿರ್ಲಿಲ್ಲ ಅವ್ವ," ಎಂದಳು.

ಫೋನು ಅವಳ ಮಡಿಲಲ್ಲಿ ಅದುರುತ್ತಲೇ ಇತ್ತು. ಅವಳು ತೆರೆದು ಒಂದೊಂದನ್ನೇ ತಾಯಿಗೆ ಓದಿ ಹೇಳಿದಳು, ಯಾರದೋ ಕಾಗದ ಓದುವವಳ ಹಾಗೆ. ನೀನು ಗ್ರೇಟ್ ಎಂದಿದ್ದಳು ರಜಿಷ. ಮನೆ ತಲುಪಿದ ಕೂಡಲೇ ತಿಳಿಸು, ಹುಷಾರು ಎಂದಿದ್ದ ಅಜೀಶ್. ಶಿಬು ಕೈ ಮುಗಿದ ಚಿತ್ರ ಕಳಿಸಿದ್ದ. ಗುಂಪಿನಲ್ಲಿದ್ದ, ಅವಳು ಕಂಡೇ ಇರದ ಎಷ್ಟೋ ಜನ, ಕೋಳಿಕ್ಕೋಡಿನವರು, ಕಣ್ಣೂರಿನವರು, ಹೂವು ಹಾಕಿದ್ದರು. ಎಲ್ಲರಿಗೂ ಸುದ್ದಿ ಮುಟ್ಟಿತ್ತು.

"ಒಳ್ಳೇ ಹುಡುಗ್ರು," ಎಂದಳು ಸಣ್ಣಮ್ಮ.

"ಒಳ್ಳೇವ್ರು."

"ಆಮೇಲೆ ಫೋನಲ್ಲಿ ಬತ್ತದಲ್ಲ, ಅಕ್ಷರ ಹಾಕಿ? ಆಗ ನೀನು ಸಮಾಧಾನವಾಗಿ..."

"ಬತ್ತದೆ. ನೋಡಿ ಯಾರ್ ಜೊತೆ ಜಗಳ ಆಡ್ಲಿ? ಇನ್ಮೇಲೆ ಯಾರೂ ಆಡಲ್ಲ." ಅವಳು ಫೋನಿನ ಮೇಲೆ ಎರಡು ಸಲ ಬೆರಳು ಒತ್ತಿದಳು. ಅದುರುವುದು ನಿಂತಿತು. "ಗ್ರೂಪ್ ತೆಗ್ದ್ಬುಟ್ಟೆ," ಎಂದಳು. ಫೋನನ್ನು ಚೀಲದೊಳಗೆ ಹಾಕಿ ಜಿಪ್ ಎಳೆದು, ಮುಂದಿನ ಸೀಟಿನ ಕಂಬಿಗೆ ಹಣೆಯಿಟ್ಟು ಕಣ್ಣು ಮುಚ್ಚಿದಳು. ಸಣ್ಣಮ್ಮ ಬೆನ್ನ ಮೇಲೆ ಕೈಯಿಟ್ಟಳು. ಹೇಳಬೇಕಾದ್ದು ಏನಾದರೂ ಇದ್ದರೂ, ಕಣ್ಣು ಮುಚ್ಚಿದವಳಿಗೆ ಹೇಳುವ ದಾರಿ ಇರಲಿಲ್ಲ.

ಮುಸ್ಸಂಜೆಯ ಮಬ್ಬಿನಲ್ಲಿ ಬಸ್ಸು ಒಮ್ಮೆಲೇ ನಿಧಾನವಾಗಿ ನಿಂತಿತು. ಡ್ರೈವರು ಇಂಜಿನ್ ಆರಿಸಿದ, ಹೆಡ್‌ಲೈಟೂ ಆರಿಸಿದ. ಮುಂದೆ ತಿರುವಿನಲ್ಲಿ ಆನೆಗಳು ನಿಂತಿದ್ದವು. ಎರಡು ದೊಡ್ಡವು, ಅವುಗಳ ಹಿಂದೆ ಇನ್ನೂ ಕೆಲವು. ಕಂಡಕ್ಟರು ತುಟಿಯ ಮೇಲೆ ಬೆರಳಿಟ್ಟು ಎಲ್ಲರಿಗೂ ತೋರಿಸಿದ. ಫೋನಿನಲ್ಲಿ ಮಾತಾಡುತ್ತಿದ್ದವನು ನಡುವೆಯೇ ನಿಲ್ಲಿಸಿದ. ಅಳುತ್ತಿದ್ದ ಕೂಸಿನ ಬಾಯಿಗೆ ತಾಯಿ ಮೊಲೆ ಕೊಟ್ಟಳು. ಇಡೀ ಬಸ್ಸು ಬಾಯಿ ಮುಚ್ಚಿ, ಕಣ್ಣು ಬಿಟ್ಟುಕೊಂಡು ಕುಳಿತಿತು. ಆನೆಗಳು ಅವಸರ ಮಾಡಲಿಲ್ಲ. ಬಿದಿರು ಮುರಿಯುವ ಸದ್ದು ಮಾತ್ರ ಬರುತ್ತಿತ್ತು. ಸಣ್ಣಮ್ಮ ಮಗಳನ್ನು ಎಬ್ಬಿಸಿ ತೋರಿಸಲೇ ಎಂದುಕೊಂಡು ಕೈ ಎತ್ತಿದಳು. ಎತ್ತಿದ ಕೈಯನ್ನು ಮತ್ತೆ ಮಡಿಲಿಗೆ ತಂದುಕೊಂಡಳು.

ಕೊನೆಯ ಆನೆ ಲಂಟಾನದ ಪೊದೆಯೊಳಗೆ ಇಳಿಯಿತು. ಡ್ರೈವರು ಇನ್ನೂ ಸ್ವಲ್ಪ ಕಾದು ಇಂಜಿನ್ ಶುರು ಮಾಡಿದ. ತಡೆದಿದ್ದ ಮಾತೆಲ್ಲ ಒಟ್ಟಿಗೆ ಹೊರಬಂತು. ಹಿಂದಿನವರು ಮುಂದಿನವರನ್ನು ಕೂಗಿ ಕೇಳಿದರು, ಯಾರೋ ನಕ್ಕರು, ಯಾರೋ ಹಿಂದಿನ ವಾರ ಒಂದು ಆನೆ ಆಟೋ ಮಗುಚಿದ್ದನ್ನು ಹೇಳತೊಡಗಿದರು. ಬಸ್ಸು ಅಲುಗಿದ್ದಕ್ಕೆ ಗೀತಾಂಜಲಿ ಕಣ್ಣು ಬಿಟ್ಟಳು. ಸುತ್ತ ಎಲ್ಲರ ಬಾಯಿಗಳೂ ಆಡುತ್ತಿದ್ದವು. ಏನಾಯಿತೆಂದು ಅವಳು ಕೇಳಲಿಲ್ಲ. ಗಾಳಿ ತಣ್ಣಗಾಗಿತ್ತು. ಎದ್ದು ನಿಂತು, ಎರಡೂ ಕೈಯಿಂದ ಕಿಟಕಿಯ ಶಟರನ್ನು ಕೆಳಗೆಳೆದು ಕೊಂಡಿ ಹಾಕಿದಳು.